ಶಿರಸ್ತೇದಾರರ ಶವಾಸನ

ಹಾನಗಲ್ಲಿನ ಸಾಂಸ್ಕೃತಿಕ ಇತಿಹಾಸದಲ್ಲಿ ನನ್ನ ಹೆಸರನ್ನು ಸುವರ್ಣಾಕ್ಷರಗಳಲ್ಲಿ ಬರೆಸದೆ ಬಿಡುವುದಿಲ್ಲ ಎಂದು ನಾನು ಪಣ ತೊಟ್ಟೆ. ಆ ಇತಿಹಾಸದ ಮೊದಲ ಪುಟ ತೆರೆಯುತ್ತಿದ್ದಂತೆಯೇ ನನ್ನ ಗಂಡ ಅದರ ಮೇಲೆ ತಲೆಯಿಟ್ಟು ಗೊರಕೆ ಹೊಡೆದರು!

ಗೊರಕೆ ಎಂದೊಡನೆ ದಯವಿಟ್ಟು ನಿಮ್ಮ ನಿಮ್ಮ ಮನೆಯ ಗೊರಕೆಯನ್ನು ನೆನೆಸಿಕೊಳ್ಳಬೇಡಿ. ಅದು ಬೇರೆ, ಇದು ಬೇರೆ. ಶಂಕ್ರಪ್ಪನವರ ಅಕ್ಕಿ ಗಿರಣಿಯ ಗೋದಾಮಿನ ತಗಡಿನ ಮಾಡು ಮೊದಲು ಸಣ್ಣಗೆ ನಡುಗಿತು. ಆಮೇಲೆ ತೊಲೆಯ ಮೇಲಿದ್ದ ಪಾರಿವಾಳಗಳು ಒಂದರ ಮುಖ ಒಂದು ನೋಡಿಕೊಂಡು ಎದ್ದು ಹೊರಗೆ ಹೋದವು. ಕೊನೆಗೆ, ಭಾನುವಾರವೂ ಗಿರಣಿ ಶುರುವಾಯಿತೆಂದು ತಿಳಿದು ಯಾರೋ ರೈತರು ಭತ್ತದ ಚೀಲ ಹೊತ್ತು ಬಾಗಿಲಿಗೆ ಬಂದು ನಿಂತರು!

ಎಂಬತ್ತರ ದಶಕದ ಆರಂಭದ ಮಾತು. ಆಗ ನಮ್ಮೂರಲ್ಲಿ ಭಾನುವಾರ ಎಂದರೆ ಗಂಡಸರಿಗೆ ಎಣ್ಣೆ ನೀರು, ಹೆಂಗಸರಿಗೆ ಎಣ್ಣೆ ಒಲೆ. ಇದನ್ನು ಬದಲಿಸಲೆಂದೇ ನಾನು ‘ಭಾನುವಾರ ಬಳಗ’ ಕಟ್ಟಿದೆ. ಬೆಳಿಗ್ಗೆ ಯೋಗ, ಆಮೇಲೆ ವಿಶ್ರಾಂತಿ, ಆಮೇಲೆ ಹಾಡು, ಚಿತ್ರಕಲೆ, ಕಸೂತಿ, ಚಹಾ. ಗಿರಣಿಗೆ ಅಂದು ರಜೆ ಇರುವುದರಿಂದ ಶಂಕ್ರಪ್ಪನವರು ಗೋದಾಮು ಕೊಟ್ಟರು. ಅಧ್ಯಕ್ಷೆ, ಸಂಸ್ಥಾಪಕಿ, ಯೋಗಶಿಕ್ಷಕಿ, ಸ್ವಾಗತ ಭಾಷಣ, ವಂದನಾರ್ಪಣೆ ಎಲ್ಲ ನಾನೇ. ಜಮಖಾನೆ ಹೊರುವುದು ಮಾತ್ರ ಅವರು.

ಅವರು ಎಂದರೆ ಪ್ರಾಣೇಶರಾಯರು. ಸರಕಾರಿ ಕಚೇರಿಯೊಂದರಲ್ಲಿ ಶಿರಸ್ತೇದಾರರು. ಮಾತು ಕಡಿಮೆ, ಮೈಭಾರ ಹೆಚ್ಚು. ಜಮಖಾನೆ ಹಾಸಿ ಹಾಗೇ ಮನೆಗೆ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಹಾಸಿದ್ದನ್ನು ಮತ್ತೆ ಸುತ್ತಿ ಹೊರಬೇಕಲ್ಲ ಎಂದು ಅದರ ಒಂದು ಮೂಲೆಯಲ್ಲಿ ತಾವೂ ಒರಗಿದರು.

ನನ್ನ ಬಗ್ಗೆಯೂ ಒಂದು ಮಾತು ಹೇಳಬೇಕು. ನಾನು ಸುಮನ್, ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಸಿಸ್ಟರ್ ಫಿಲೋಮಿನಾ ನನ್ನ ಗಲ್ಲ ಹಿಡಿದು ಉಚ್ಚಾರ ಕಲಿಸಿ, “ಮಗೂ, ನಿನ್ನ ಕಂಠ ದೇವರು ಕೊಟ್ಟ ಕಾಣಿಕೆ” ಎಂದಿದ್ದರು. ಭಾಷಣ ಸ್ಪರ್ಧೆಯಲ್ಲಿ ಗೆದ್ದ ಕಪ್ಪು ಇಂದಿಗೂ ನಮ್ಮ ಮನೆಯಲ್ಲಿದೆ. ನಮ್ಮ ಅತ್ತೆ ಇಂದಿರಾಬಾಯಿಯವರು ಅದರಲ್ಲಿ ಹೂಬತ್ತಿ ಇಟ್ಟಿದ್ದಾರೆ, ಅದು ಬೇರೆ ಮಾತು.

ಅಂಥ ಕಂಠದಿಂದ ಅಂದು ನಾನು ವಿಶ್ರಾಂತಿಯ ಪಾಠ ಶುರು ಮಾಡಿದ್ದೆ. ಎಲ್ಲರೂ ಶವಾಸನದಲ್ಲಿ ಅಂಗಾತ ಮಲಗಿದ್ದರು.

“ಆತ್ಮೀಯ ಪಾದಗಳೇ, ನಿಮಗಿದೋ ವಿದಾಯ...” ಎಂದೆ.

ಶಂಕ್ರಪ್ಪನವರ ಅಕ್ಕ ಸಿದ್ದವ್ವ ಒಂದು ಕಣ್ಣು ತೆರೆದರು. “ಬಾಯಾರ, ಪಾದಕ್ಕ ಇಲ್ಲೇ ವಿದಾಯ ಹೇಳಿದ್ರ ಮನೀಗೆ ಹ್ಯಾಂಗ ಹೋಗೂದ್ರಿ? ಮೊದಲ ಮೊಣಕಾಲು ಬ್ಯಾನಿ.”

“ಸಿದ್ದವ್ವಾರ, ಕಣ್ಣು ಮುಚ್ಚರಿ. ಸುಮ್ಮನ ಭಾವಿಸಿಕೊಳ್ರಿ.”

“ಭಾವಿಸಿಕೊಂಡ್ರ ಬ್ಯಾನಿ ಹೊಕ್ಕೈತೇನ್ರಿ?”

ನಾನು ಸಿಟ್ಟು ನುಂಗಿ, ಪಾದಗಳನ್ನು ಬಿಟ್ಟು ಮೊಣಕಾಲಿಗೆ ಬಂದೆ. ಆಗ ಎದ್ದಿತು ನೋಡಿ, ಮೂಲೆಯಿಂದ ಆ ನಾದ! ಪಾರಿವಾಳ ಹಾರಿದ್ದು, ರೈತರು ಬಂದದ್ದು ಎಲ್ಲ ಆಗಲೇ ಹೇಳಿದ್ದೇನೆ. ನಾನು ನಾಚಿಕೆಯಿಂದ ಕೆಂಪಾಗಿ ಅವರನ್ನು ತಿವಿದು ಎಬ್ಬಿಸಲು ಧಾವಿಸಿದೆ. ಧಾವಿಸಿದವಳು ಅರ್ಧಕ್ಕೇ ನಿಂತೆ.

ಸಿದ್ದವ್ವ ನಿದ್ದೆ ಹೋಗಿದ್ದರು! ಉರ್ದು ಶಾಲೆಯ ಶಿಕ್ಷಕಿ, ನಮ್ಮ ಬಳಗದ ಕಸೂತಿ ವಿಭಾಗದ ಮುಖ್ಯಸ್ಥೆ ಮುನವ್ವರಾ ನಿದ್ದೆ ಹೋಗಿದ್ದರು. ಶಂಕ್ರಪ್ಪನವರು ನಿದ್ದೆ ಹೋಗಿದ್ದರು. ಭತ್ತದ ಚೀಲದ ರೈತರು ಚೀಲಕ್ಕೆ ಒರಗಿ ನಿದ್ದೆ ಹೋಗಿದ್ದರು. ಇಡೀ ಗೋದಾಮಿನಲ್ಲಿ ಎಚ್ಚರವಿದ್ದವಳು ಅಧ್ಯಕ್ಷೆ ಒಬ್ಬಳೇ!

ಎದ್ದ ಮೇಲೆ ಎಲ್ಲರ ಮುಖದಲ್ಲಿ ಏನು ಕಳೆ! ನಾನು ವಂದನೆ ಸ್ವೀಕರಿಸಲು ಸೆರಗು ಸರಿಮಾಡಿಕೊಂಡು ನಿಂತೆ. ಅವರೆಲ್ಲ ನನ್ನನ್ನು ದಾಟಿಕೊಂಡು ಮೂಲೆಗೆ ಹೋದರು.

“ರಾಯರ, ನನ್ನ ಯಜಮಾನ್ರು ಹೋದಾಗಿಂದ ಹಿಂತಾ ನಿದ್ದಿ ಬಿದ್ದಿಲ್ರಿ ನನಗ,” ಎಂದು ಸಿದ್ದವ್ವ ಕಣ್ಣು ಒರೆಸಿಕೊಂಡರು.

“ಖರೇನ ಭಾಯಿಸಾಬ್, ಗುಳಿಗಿ ತಗೊಂಡ್ರೂ ನಂಗ ನಿದ್ದಿ ಬರ್ತಿರಲಿಲ್ಲ. ನಿಮ್ದು ಆವಾಜ್ ಬಂತು, ಖಲಾಸ್!” ಎಂದರು ಮುನವ್ವರಾ.

ಶಂಕ್ರಪ್ಪನವರು ಗಿರಣಿಯವರು, ತೂಕದ ಮನುಷ್ಯ. ಹಿಡಿ ಅಕ್ಕಿ ಹಿಡಿದು ನೋಡುವವರಂತೆ ಕೈ ಮುಂದೆ ಮಾಡಿ ತೀರ್ಪು ಕೊಟ್ಟರು: “ರಾಯರ ನಿದ್ದಿ ಅಂದ್ರ ಅಗದೀ ಪಾಲಿಶ್ ಮಾಲ್ ಐತ್ರಿ. ಒಂದ ನುಚ್ಚಿಲ್ಲ, ಒಂದ ಕಲ್ಲಿಲ್ಲ!”

ನಾನು ತಡೆಯಲಾರದೆ ಕೇಳಿದೆ: “ಮತ್ತ ನನ್ನ ವಿಶ್ರಾಂತಿ ಪಾಠ ಹ್ಯಾಂಗಿತ್ರೀ?”

“ಅದೂ ಐತ್ರಿ ಬಾಯಾರ. ತೌಡು ಇದ್ದಂಗ ಐತಿ. ಮೈಗೆ ಒಳ್ಳೇದs ಅದು.”

ಪ್ರಾಣೇಶರಾಯರು ಕಣ್ಣುಜ್ಜಿಕೊಂಡು, “ಮುಗೀತೇನು? ಜಮಖಾನಿ ಸುತ್ತಲೇನು?” ಎಂದರು.

ಅಂದು ನನ್ನ ಹೊಟ್ಟೆಯಲ್ಲಿ ಬಿದ್ದ ಕಿಡಿ ಮುಂದೆ ಕಾಡ್ಗಿಚ್ಚಾಯಿತು. ಎರಡನೆಯ ಭಾನುವಾರ ಜನ ಇಮ್ಮಡಿಯಾದರು. ಮೂರನೆಯದಕ್ಕೆ ಅಕ್ಕಿಆಲೂರಿನಿಂದ ಬಂದರು. ಆಮೇಲೆ ತಿಳವಳ್ಳಿಯಿಂದ ಮೊದಲ ಬಸ್ಸಿಗೇ ಬರತೊಡಗಿದರು. ಬಂದವರು ನನಗೆ ನಮಸ್ಕಾರವನ್ನೂ ಮಾಡದೆ, ಬಸ್ಸಿನ ಸೀಟಿಗೆ ಟವೆಲ್ ಒಗೆಯುವಂತೆ ರಾಯರ ಚಾಪೆಯ ಸುತ್ತ ಟವೆಲ್ ಒಗೆದು ಜಾಗ ಹಿಡಿಯುತ್ತಿದ್ದರು. ಎಲ್ಲರಿಗೂ ರಾಯರ ತಲೆಯ ಕಡೆಯೇ ಬೇಕು! ಕಾಲಿನ ಕಡೆ ಸಿಕ್ಕವರು ಗೊಣಗುತ್ತಿದ್ದರು.

ಇದನ್ನು ನಾನು ಹೇಗೆ ಸಹಿಸಲಿ, ನೀವೇ ಹೇಳಿ. ಯಾವ ಗೊರಕೆಯ ದೆಸೆಯಿಂದ ಮದುವೆಯಾದಾಗಿನಿಂದ ನಾನು ತಲೆದಿಂಬನ್ನು ತಲೆಯ ಕೆಳಗಿಡದೆ ಕಿವಿಯ ಮೇಲಿಟ್ಟುಕೊಂಡು ಮಲಗಿದ್ದೇನೋ, ಆ ಗೊರಕೆಯನ್ನು ಕೇಳಲು ಜನ ಟಿಕೀಟು ತೆಗೆಸಿಕೊಂಡು ಬರುವುದೆ? ನನ್ನದು ವಾಗ್ಝರಿ, ಅವರದು ಬರೀ ಮೂಗ್ಝರಿ! ಕಂಠದಿಂದ ಹೊರಡುವ ನಾದಕ್ಕೆ ಸಿಸ್ಟರ್ ಫಿಲೋಮಿನಾ ಬೇಕಾಯಿತು. ಮೂಗಿನಿಂದ ಹೊರಡುವುದಕ್ಕೆ ಏನು ಬೇಕು? ಬರೀ ಒಂದು ನೆಗಡಿ!

ಮನೆಯಲ್ಲಿ ಕೇಳಿಯೇಬಿಟ್ಟೆ. “ಏನ್ರೀ, ಅಷ್ಟು ಮಂದಿ ನಡುವ ಮಲಗಲಿಕ್ಕೆ ನಾಚಿಕಿ ಬರೂದಿಲ್ಲೇನು ನಿಮಗ?”

“ಮಲಗ್ರಿ ಅಂತ ನೀನs ಹೇಳ್ತಿ.”

“ಮಲಗ್ರಿ ಅಂದೇನಿ. ನಿದ್ದಿ ಮಾಡ್ರಿ ಅಂದೇನೇನು?”

“ಮಲಗಿದ ಮ್ಯಾಲೆ ಮತ್ತೇನ ಮಾಡೂದು?”

ಇಂಥ ಮನುಷ್ಯನೊಡನೆ ಜಗಳವನ್ನಾದರೂ ಹೇಗೆ ಆಡುವುದು!

ಅಷ್ಟರಲ್ಲಿ ಬಳಗದ ವಾರ್ಷಿಕೋತ್ಸವ ಬಂತು. ಧಾರವಾಡದಿಂದ ಒಬ್ಬ ಯೋಗಾಚಾರ್ಯರನ್ನು ಮುಖ್ಯ ಅತಿಥಿಯಾಗಿ ಕರೆಸುವುದೆಂದೂ, ವರ್ಷವಿಡೀ ಬಳಗಕ್ಕೆ ದುಡಿದವರೊಬ್ಬರಿಗೆ ಅವರ ಕೈಯಿಂದ ಶಾಲು ಹೊದಿಸುವುದೆಂದೂ ತೀರ್ಮಾನವಾಯಿತು. ದುಡಿದವರು ಯಾರು? ಕನ್ನಡಿಯಲ್ಲಿ ನೋಡಿಕೊಂಡರೆ ಉತ್ತರ ಎದುರಿಗೇ ಇತ್ತು. ಆ ಶಾಲಿಗೆ ಹೊಂದುವಂತೆ ನಾನು ಜರತಾರಿ ಅಂಚಿನ ಒಂದು ಇಳಕಲ್ಲ ಸೀರೆಯನ್ನೂ ತೆಗೆದಿಟ್ಟೆ.

ಸಭೆಯಲ್ಲಿ ಶಂಕ್ರಪ್ಪನವರು ಎದ್ದು ನಿಂತರು. “ಶಾಲು ಯಾರಿಗೆ ಅನ್ನೂದರಾಗ ವಿಚಾರ ಮಾಡೂದೇನೈತ್ರಿ? ಪ್ರಾಣೇಶರಾಯರಿಗೆ ಹೊಚ್ಚೂನು!”

ಚಪ್ಪಾಳೆಯ ಮಳೆ!

“ಮಲಗಿದವರಿಗೆ ಶಾಲು ಯಾಕ್ರೀ? ಒಂದು ಕೌದಿ ಹೊಚ್ಚಿದ್ರ ಸಾಕಲ್ಲ!” ಎಂದೆ. ಅದನ್ನು ನಗೆಚಾಟಿಕೆ ಎಂದು ತಿಳಿದು ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗೆಯ ಹಿಂದೆ ಎಷ್ಟು ಹಲ್ಲು ಕಡಿದೆನೋ ಹಲ್ಲಿಗೇ ಗೊತ್ತು.

ಮುನವ್ವರಾ ಒಬ್ಬರಿಗೇ ನನ್ನ ಮುಖ ಅರ್ಥವಾಯಿತು. “ಹಂಗಂದ್ರ ಹೆಂಗ? ಸುಮನ್ ಬೆಹೆನ್ ಭೀ ಮೆಹನತ್ ಮಾಡ್ಯಾರ,” ಎಂದರು. ಕೊನೆಗೆ ಒಂದು ರಾಜಿಯಾಯಿತು. ಶಾಲು ಯಾರಿಗೆ ಎಂದು ಅತಿಥಿಗಳೇ ಅಂದಿನ ವಿಶ್ರಾಂತಿ ಪಾಠ ನೋಡಿ ನಿರ್ಧರಿಸಲಿ!

ಸರಿ, ಇನ್ನು ನನ್ನ ಕೆಲಸ ಒಂದೇ. ಆ ದಿನ ರಾಯರಿಗೆ ನಿದ್ದೆ ಬರಬಾರದು. ಗೋದಾಮಿನಲ್ಲಿ ನನ್ನ ಕಂಠವೊಂದೇ ಮೊಳಗಬೇಕು. ಜನ ಅದಕ್ಕೇ ಮಲಗಬೇಕು.

ಅವರಿಗೆ ಅಷ್ಟು ನಿದ್ದೆ ಏಕೆ ಬರುತ್ತದೆ? ಷೆರ್ಲಾಕನಂತೆ ತನಿಖೆ ಮಾಡಿದೆ. ಉದ್ಘಾಟನೆಯ ದಿನ ದ್ವಾದಶಿ. ಹಿಂದಿನ ದಿನ ಏಕಾದಶಿಯ ನಿರ್ಜಲ ಉಪವಾಸ ಮಾಡಿ, ಅಂದು ಸೂರ್ಯ ಮೂಡುತ್ತಿದ್ದಂತೆಯೇ ಅಗಸಿ ಸೊಪ್ಪಿನ ಪಲ್ಯ, ಪಾಯಸದೊಡನೆ ಪಾರಣೆಯ ಊಟ ಮಾಡಿ ಬಂದಿದ್ದರು. ಉಳಿದ ಭಾನುವಾರಗಳಲ್ಲಿ? ಅತ್ತೆಯವರ ಕೈಯ ಚುರಮುರಿ ಸೂಸಲ, ಜೊತೆಗೆ ಮಿರ್ಚಿ ಭಜಿ. ಸಿಕ್ಕಿತು ಸುಳಿವು! ತುಂಬಿದ ಹೊಟ್ಟೆಯೇ ಎಲ್ಲಕ್ಕೂ ಮೂಲ. ಹೊಟ್ಟೆ ತುಂಬುತ್ತಿದ್ದದ್ದು ಅವರದು, ಉರಿಯುತ್ತಿದ್ದದ್ದು ನನ್ನದು!

ಒಂದು ಭಾನುವಾರ ಮಿರ್ಚಿ ಬಂದ್ ಮಾಡಿ ನೋಡಿದೆ. ಅತ್ತೆಯವರು ಅಡಿಗೆಮನೆಯಿಂದಲೇ ಗುಡುಗಿದರು: “ನನ್ನ ಮಗಾ ವಾರಕ್ಕೊಮ್ಮೆ ನಾಕು ಮಿರ್ಚಿ ತಿಂದ್ರ ನಿನ್ನ ಬಳಗದ ಗಂಟೇನು ಹೋಗ್ತದ?” ನಾಲ್ಕು ಇದ್ದದ್ದು ಆರಾದವು.

ಆ ತಾಯಿಯ ಕೈಯನ್ನು ಕಟ್ಟಿಹಾಕಬಲ್ಲ ಶಕ್ತಿ ಮೂರು ಲೋಕದಲ್ಲಿ ಯಾವುದಿದೆ? ಯೋಚಿಸುತ್ತ ಯೋಚಿಸುತ್ತ ಹೊಳೆಯಿತು: ಏಕಾದಶಿ! ಅಂದು ಅತ್ತೆಯವರು ಮಗನಿಗೆ ಒಂದು ಉದ್ಧರಣೆ ತೀರ್ಥ ಬಿಟ್ಟು ಹನಿ ನೀರನ್ನೂ ಕೊಡುವವರಲ್ಲ. ಖಾಲಿ ಹೊಟ್ಟೆಯಲ್ಲಿ ಹೇಗೆ ಮಲಗುತ್ತೀರಿ ನೋಡೋಣ, ರಾಯರೇ!

ಅಲ್ಲಿಯವರೆಗೆ ಬ್ಯಾಂಕಿನವರು ಕೊಟ್ಟ ಕ್ಯಾಲೆಂಡರನ್ನೇ ನಂಬಿದ್ದ ನಾನು ಅಂದು ಮೊದಲ ಸಲ ಪಂಚಾಂಗ ಕೈಗೆತ್ತಿಕೊಂಡೆ. ಏಕಾದಶಿ ಬೀಳುವ ಭಾನುವಾರ ಹುಡುಕಿ, ವಾರ್ಷಿಕೋತ್ಸವವನ್ನು ಅಂದಿಗೇ ಗೊತ್ತು ಮಾಡಿದೆ. ಅತ್ತೆಯವರ ಕಣ್ಣು ತುಂಬಿ ಬಂತು. “ಅಂತೂ ಸೊಸಿಗೆ ತಿಥಿ ನೋಡೂ ಬುದ್ಧಿ ಬಂತು. ಎಲ್ಲಾ ರಾಯರ ಕೃಪಾ!” ಎಂದು ಮಂತ್ರಾಲಯದ ದಿಕ್ಕಿಗೆ ಕೈ ಮುಗಿದರು. ನಾನೂ ಮುಗಿದೆ. ನನ್ನ ಮನಸ್ಸಿನಲ್ಲಿದ್ದ ರಾಯರು ಮಾತ್ರ ಬೇರೆ!

ಆ ವಾರವಿಡೀ ನಾನು ಅಭ್ಯಾಸಕ್ಕೆ ಇಳಿದೆ. ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತ “ಆತ್ಮೀಯ ಪಾದಗಳೇ!” ಬಾವಿಕಟ್ಟೆಯಲ್ಲಿ “ಆತ್ಮೀಯ ಪಾದಗಳೇ!” ಹಾಲಿನವ ತನಗೇ ಹೇಳಿದೆನೆಂದು ತಿಳಿದು ಚಪ್ಪಲಿ ಬಿಟ್ಟು ಒಳಗೆ ಬಂದ. ಸಂಜೆ ಪಡಸಾಲೆಯಲ್ಲಿ ಜೋಕಾಲಿಯ ಮೇಲೆ ಕುಳಿತ ರಾಯರ ಎದುರಿಗೇ ನಿಂತು ಇಡೀ ಪಾಠ ಒಪ್ಪಿಸಿದೆ. ಮುಗಿಸಿ, “ಹ್ಯಾಂಗಾತ್ರೀ?” ಎಂದು ಕೇಳಿದರೆ ಪೇಪರು ಮುಖದ ಮೇಲಿತ್ತು. ಪೇಪರಿನ ತುದಿ ಏಳುತ್ತಿತ್ತು, ಬೀಳುತ್ತಿತ್ತು. ಸಂಜೆಯ ಉಪ್ಪಿಟ್ಟು ಹೆಚ್ಚಾಯಿತೆಂದು ನನಗೆ ಖಾತ್ರಿಯಾಯಿತು.

ಇಷ್ಟೆಲ್ಲ ಸಾಧನೆಯ ಫಲವಾಗಿ ಆ ಭಾನುವಾರ ಬೆಳಿಗ್ಗೆ ನಾನು ಬಾಯಿ ತೆರೆದರೆ ಒಳಗಿನಿಂದ ಏನೂ ಬರಲಿಲ್ಲ! ಗಂಟಲು ಪೂರ್ತಿ ಕೂತಿತ್ತು. ಮೆಣಸಿನ ಕಷಾಯ, ಬಿಸಿ ಉಪ್ಪುನೀರು, ಕಲ್ಲುಸಕ್ಕರೆ ಎಲ್ಲ ಆಯಿತು. ಬಂದದ್ದು ತುಕ್ಕು ಹಿಡಿದ ಬಾಗಿಲು ತೆರೆದಂಥ ಒಂದು “ಕ್ರೀ...” ಅಷ್ಟೇ. ದೇವರು ಕೊಟ್ಟ ಕಾಣಿಕೆಯನ್ನು ದೇವರು ಅಂದೇ ವಾಪಸು ಪಡೆದಿದ್ದ!

ಗೋದಾಮು ಕಿಕ್ಕಿರಿದಿತ್ತು. ತಿಳವಳ್ಳಿಯವರು ಚಾಪೆ, ದಿಂಬು, ಒಬ್ಬಿಬ್ಬರು ಸೊಳ್ಳೆಪರದೆ ಸಮೇತ ಬಂದಿದ್ದರು. ಯೋಗಾಚಾರ್ಯರೂ ಬಂದರು. ಮೊದಲು ಅವರು ಡ್ರಿಲ್ ಮಾಸ್ತರರಾಗಿದ್ದರಂತೆ. ಸೀಟಿ ಕೊರಳಲ್ಲಿ ಇರಲಿಲ್ಲ. ಗಂಟಲಲ್ಲೇ ಇತ್ತು!

ನನ್ನ ಪರಿಸ್ಥಿತಿಯನ್ನು ಕೈಸನ್ನೆಯಲ್ಲಿ ವಿವರಿಸಿದೆ. “ಕಾಳಜಿ ಮಾಡಬ್ಯಾಡ್ರಿ, ವಿಶ್ರಾಂತಿ ಪಾಠ ನಾನs ತಗೋತೇನಿ!” ಎಂದು ಅವರು ಅಂದದ್ದಕ್ಕೇ ಪಾರಿವಾಳಗಳು ಎದ್ದು ಹೋದವು.

“ಎಲ್ಲಾರೂ ಮಲಗs! ಪಾದ... ಸಡಿಲ! ಮೊಣಕಾಲು... ಸಡಿಲ! ಯಾರದು ಅಲುಗಾಡೂದು? ಸಡಿಲ ಅಂದ್ರ ಸಡಿಲ!”

ಜನ ಸಡಿಲವಾಗುವ ಬದಲು ಹಲಗೆಯಂತೆ ಸೆಟೆದರು. ಎಲ್ಲರ ಕಿವಿಯೂ ರಾಯರ ಚಾಪೆಯ ಕಡೆಗೇ. ನನ್ನ ಕಣ್ಣೂ ಅಲ್ಲಿಗೇ. ಅವರು ಅಂಗಾತ ಮಲಗಿ, ಎರಡೂ ಕಣ್ಣನ್ನು ಪಿಳಿಪಿಳಿ ಬಿಟ್ಟುಕೊಂಡು ತೊಲೆ ನೋಡುತ್ತಿದ್ದರು! ಗೋದಾಮಿನಲ್ಲಿ ಕೇಳಿಬಂದ ನಾದ ಒಂದೇ, ಅವರ ಹೊಟ್ಟೆಯ ಗುರ್‌ಗುರ್. ಏಕಾದಶಿ ಗೆದ್ದಿತ್ತು! ಧ್ವನಿ ಇದ್ದಿದ್ದರೆ ಅಲ್ಲಿಯೇ ಮಂಗಳಾರತಿ ಹಾಡುತ್ತಿದ್ದೆ.

“ರಾಯರ, ಒಂದ ಸಲ ಎಳೀರಿ,” ಎಂದು ಸಿದ್ದವ್ವ ಪಿಸುಗುಟ್ಟಿದರು.

“ಪ್ರಯತ್ನ ಮಾಡ್ಲಿಕ್ಕತ್ತೇನ್ರಿ. ಬರವೊಲ್ದು.”

ಶಂಕ್ರಪ್ಪನವರು ಕಿಟಕಿಗೆ ಗೋಣಿತಟ್ಟು ಕಟ್ಟಿ ಕತ್ತಲೆ ಮಾಡಿದರು. ಮುನವ್ವರಾ ತಮ್ಮ ಪರ್ಸಿನಿಂದ ಅತ್ತರು ತೆಗೆದು ದಿಂಬಿಗೆ ಹಚ್ಚಿದರು. ತಿಳವಳ್ಳಿಯವರೊಬ್ಬರು, “ಇದೇನ್ರಿ, ಬಸ್ಸ್ ಹತ್ತಿ ಬಂದೇವಿ ನಾವು!” ಎಂದು ಎದ್ದು ಕುಳಿತೇಬಿಟ್ಟರು. ರಾಯರು ಪಾಪ, ಬಾಯಿಯಿಂದ ಒಂದೆರಡು ಸಲ ‘ಗೊರ್... ಗೊರ್...’ ಎಂದು ನೋಡಿದರು.

“ಇದು ಖರೇ ಮಾಲ್ ಅಲ್ರಿ,” ಎಂದರು ಶಂಕ್ರಪ್ಪನವರು ದುಃಖದಿಂದ.

ಈಗ ಶಾಲು ಯಾರಿಗೆ? ನಾನು ಸೆರಗು ಸರಿಪಡಿಸಿಕೊಂಡು ವೇದಿಕೆಯ ಹತ್ತಿರ ಜರುಗಿದೆ. ಆದರೆ ಸಿದ್ದವ್ವ ಆಗಲೇ ಮೆಣಸಿನಕಾಯಿ, ಉಪ್ಪು ಹಿಡಿದು ರಾಯರಿಗೆ ದೃಷ್ಟಿ ತೆಗೆಯುತ್ತಿದ್ದರು. “ಯಾರ ಕಣ್ಣು ಬಿತ್ತೋ ಏನೋ ನಮ್ಮ ರಾಯರ ಮ್ಯಾಲೆ! ಯಾವ ಹೊಟ್ಟಿಕಿಚ್ಚಿನಾಕಿ ನೋಡಿದ್ಲೋ!” ಎಂದು ಬೆರಳು ಮುರಿದರು. ಆ ಮೆಣಸಿನಕಾಯಿ ಚಹಾದ ಒಲೆಯ ಕೆಂಡಕ್ಕೆ ಬಿದ್ದದ್ದೇ ತಡ, ಇಡೀ ಗೋದಾಮಿನಲ್ಲಿ ಮೊದಲು ಕೆಮ್ಮಿದವಳು ನಾನೇ!

ಯೋಗಾಚಾರ್ಯರು ಇದನ್ನೆಲ್ಲ ನೋಡಿ ಗದ್ಗದಿತರಾದರು. “ಒಬ್ಬ ಮನುಷ್ಯಾಗ ನಿದ್ದಿ ಬರ್ಲಿಲ್ಲ ಅಂತ ಇಷ್ಟು ಮಂದಿ ಸಂಕಟಪಡೂದು ನಾ ಎಲ್ಲೂ ನೋಡಿಲ್ಲ,” ಎಂದು ಗುಡುಗಿ, ಶಾಲನ್ನು ರಾಯರಿಗೇ ಹೊದಿಸಿಬಿಟ್ಟರು! ಮಲಗಿ ಕೀರ್ತಿ ಪಡೆದವರನ್ನು ಕಂಡಿದ್ದೆ. ಮಲಗದೆಯೂ ಪಡೆಯುವವರನ್ನು ಅಂದೇ ಕಂಡದ್ದು.

ಮಧ್ಯಾಹ್ನದ ಬಿಸಿಲಲ್ಲಿ ಮನೆಗೆ ನಡೆದೆವು. ಅವರ ಹೆಗಲ ಮೇಲೆ ಜಮಖಾನೆ, ಅದರ ಮೇಲೆ ಶಾಲು, ಅದರ ಮೇಲೆ ಬೆವರು. ಹೊಟ್ಟೆಯಲ್ಲಿ ಹನಿ ನೀರಿಲ್ಲದ ಗಂಡನನ್ನು ನೋಡಿ ನನ್ನ ಹೊಟ್ಟೆಯ ಕಿಚ್ಚು ಸ್ವಲ್ಪ ತಣಿಯಿತು. ಉಪವಾಸದ ದಿನ ನೋಡಿಯೇ ಕೊಂದೆನಲ್ಲ ಎಂದು ಮರುಕವೂ ಆಯಿತು. ಇದ್ದಷ್ಟು ದನಿಯನ್ನೆಲ್ಲ ಕೂಡಿಸಿ ಕೇಳಿದೆ:

“ಏನ್ರೀ... ಹಸಿವಿಗೆ ನಿದ್ದಿ ಬರ್ಲಿಲ್ಲ, ಹೌದಲ್ಲ?”

“ಹಸಿವಿ?” ರಾಯರು ಜಮಖಾನೆಯನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡರು. “ಮುಂಜಿವಿ ಆದಾಗಿಂದ ಏಕಾದಶಿ ಮಾಡ್ಲಿಕ್ಕತ್ತೇನಿ. ಹಸಿವಿಗೂ ನಿದ್ದಿಗೂ ಏನ ಸಂಬಂಧ? ಇವತ್ತ ನೀ ಮಾತಾಡ್ಲಿಲ್ಲಲಾ ಸುಮನ್, ಅದಕ್ಕs ಬರ್ಲಿಲ್ಲ. ನೀ ‘ಆತ್ಮೀಯ ಪಾದಗಳೇ’ ಅಂದ್ರ ಸಾಕು, ಮೊಣಕಾಲಿಗೆ ಬರೂದರಾಗ ನಾ ಹೋಗಿರ್ತೇನಿ. ಮೊಣಕಾಲಿನ ಮ್ಯಾಲೆ ನೀ ಏನೇನ ಹೇಳ್ತಿ ಅನ್ನೂದು ನನಗ ಇವತ್ತಿನ ತನಕಾ ಗೊತ್ತಿಲ್ಲ.”